ಟಪಾಲು ಹೊತ್ತ ಹಡಗಿನ ದಾರಿ

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ತೆಗೆಯಿರಿ. ಅಜ್ಜಿ ತಾತಂದಿರು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರಲಿ. ಯುರೋಪಿನ ನೆತ್ತಿಯ ಮೇಲೆ ನಾರ್ವೆ ದೇಶವಿದೆ. ಅದರ ಪಶ್ಚಿಮದ ಅಂಚು ಇಲಿ ಕಡಿದ ಪಂಚೆಯ ಹಾಗೆ ಕಾಣುತ್ತದಲ್ಲವೇ? ಕಡಿದದ್ದು ಮಾತ್ರ ಇಲಿಯಲ್ಲ, ಹಿಮ. ಹಿಮಯುಗಗಳಲ್ಲಿ ಬೆಟ್ಟದಿಂದ ಜಾರಿದ ಹಿಮನದಿಗಳು ಬಂಡೆಯನ್ನು ಉಜ್ಜಿ ಉಜ್ಜಿ ಆಳವಾದ ಕಣಿವೆಗಳನ್ನು ಕೊರೆದವು. ಹಿಮ ಕರಗಿದ ಮೇಲೆ ಸಮುದ್ರ ಒಳಗೆ ನುಗ್ಗಿತು. ಇವೇ ಫಿಯೋರ್ಡ್‌ಗಳು. ಸೋಗ್ನೆ ಎಂಬ ಫಿಯೋರ್ಡ್ ನಾಡಿನೊಳಕ್ಕೆ 200 ಕಿಲೋಮೀಟರಿಗೂ ಹೆಚ್ಚು ಚಾಚಿದೆ. ಆಳ 1,300 ಮೀಟರ್. 17 ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಮುಳುಗಿಹೋಗುತ್ತವೆ!

ಈ ಕರಾವಳಿಯಲ್ಲಿ ಬರ್ಗೆನ್ ಊರಿನಿಂದ ರಷ್ಯಾದ ಗಡಿ ಹತ್ತಿರದ ಕಿರ್ಕೆನೆಸ್ ತನಕ ಹಡಗು ಓಡುತ್ತದೆ. ದಾರಿಯಲ್ಲಿ 34 ಬಂದರು. ಬೆಟ್ಟ, ಜಲಪಾತ, ನಡುರಾತ್ರಿಯ ಸೂರ್ಯ ಎಂದು ಪ್ರವಾಸಿಗರು ದುಡ್ಡು ಕೊಟ್ಟು ಹತ್ತುತ್ತಾರೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಇನ್‌ವರ್ಡ್ ಟಪಾಲು ರಿಜಿಸ್ಟರು ಬರೆದ ನನಗೆ ಹಿಡಿಸಿದ್ದು ಬೇರೆ ಸಂಗತಿ. ಈ ದಾರಿ ಹುಟ್ಟಿದ್ದೇ ಟಪಾಲಿಗಾಗಿ.

ಆಗ ಟ್ರಾಂಡ್‌ಹೈಮ್‌ನಲ್ಲಿ ಹಾಕಿದ ಕಾಗದ ಉತ್ತರದ ಹ್ಯಾಮರ್‌ಫೆಸ್ಟ್ ಮುಟ್ಟಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಹಿಡಿಯುತ್ತಿತ್ತು. ದೀಪಾವಳಿಗೆ ಬರೆದದ್ದು ಯುಗಾದಿಗೆ ತಲುಪಿದ ಹಾಗೆ! ಮಗ ಕಾಯಿಲೆ ಬಿದ್ದ ಸುದ್ದಿ ತಾಯಿಗೆ ತಲುಪುವಷ್ಟರಲ್ಲಿ ಅವನು ಎದ್ದು ಓಡಾಡುತ್ತಿರಬಹುದು, ಇಲ್ಲದೆಯೂ ಹೋಗಿರಬಹುದು. ಸರ್ಕಾರ ಹಡಗು ಕಂಪನಿಗಳನ್ನು ಕೇಳಿತು. ಕತ್ತಲಲ್ಲಿ ಈ ಬಂಡೆಗಳ ನಡುವೆ ಯಾರು ಹೋಗುತ್ತಾರೆ ಎಂದು ದೊಡ್ಡವರು ಕೈ ಆಡಿಸಿಬಿಟ್ಟರು. ಟ್ರಾಂಡ್‌ಹೈಮ್‌ನಿಂದ ಉತ್ತರಕ್ಕೆ ಆಗ ಇದ್ದದ್ದು ಬರೀ 28 ದೀಪಸ್ತಂಭ.

ಒಪ್ಪಿದವನು ರಿಚರ್ಡ್ ವಿತ್ ಎಂಬ ಕ್ಯಾಪ್ಟನ್. ಅವನದು ಹುಂಬ ಧೈರ್ಯವಲ್ಲ. ಅವನೂ ಆ್ಯಂಡರ್ಸ್ ಹೋಲ್ಟೆ ಎಂಬ ದಾರಿ ಬಲ್ಲ ನಾವಿಕನೂ ಮೊದಲೇ ಲೆಕ್ಕ ಬರೆದಿಟ್ಟುಕೊಂಡಿದ್ದರು. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ನಿಮಿಷ ಹೋದರೆ ಎಲ್ಲಿ ತಿರುಗಬೇಕು ಎಂದು. ದಿಕ್ಸೂಚಿ, ಗಡಿಯಾರ, ಒಂದು ಪುಸ್ತಕ ಇದ್ದರೆ ಕಣ್ಣಿಗೆ ಕಾಣದಿದ್ದರೂ ಹಡಗು ನಡೆಸಬಹುದು. 1893ರ ಜುಲೈ 2ರಂದು ಅವನ ‘ವೆಸ್ಟೆರೋಲೆನ್’ ಹಡಗು ಟ್ರಾಂಡ್‌ಹೈಮ್ ಬಿಟ್ಟು 67 ಗಂಟೆಗಳಲ್ಲಿ ಹ್ಯಾಮರ್‌ಫೆಸ್ಟ್ ಸೇರಿತು. ಮುಂದೆ ಚಳಿಗಾಲದ ಕತ್ತಲಲ್ಲೂ ಸೇವೆ ನಿಲ್ಲಲಿಲ್ಲ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದಿಂದ ಅಲ್ಲಿ ಸಮುದ್ರ ಹೆಪ್ಪುಗಟ್ಟುವುದಿಲ್ಲ, ಅದೊಂದು ಪುಣ್ಯ. ದಾರಿಗೆ ‘ಹುರ್ಟಿಗ್ರೂಟೆನ್’ ಎಂದು ಹೆಸರಾಯಿತು, ವೇಗದ ದಾರಿ ಎಂದರ್ಥ. ಆ ಮೊದಲ ಹಡಗು 1941ರ ಯುದ್ಧಕಾಲದಲ್ಲಿ ಟಾರ್ಪೆಡೊ ಬಡಿದು ಮುಳುಗಿತು. ಪಾಪ, ಜನರೂ ಸತ್ತರು.

ಬೇಸಿಗೆಯಲ್ಲಿ ಕೆಲವು ಹಡಗುಗಳು ಗೈರಾಂಗರ್ ಫಿಯೋರ್ಡ್‌ನೊಳಕ್ಕೂ ಹೋಗಿ ಬರುತ್ತವೆ. ಅಲ್ಲಿ ನೀರಿನಿಂದ ಸುಮಾರು 250 ಮೀಟರ್ ಮೇಲೆ, ಬಂಡೆಯ ಅಂಚಿನಲ್ಲಿ ಸ್ಕಾಗೆಫ್ಲೋ ಎಂಬ ಹಳೆಯ ಹೊಲಮನೆಯಿದೆ. ಹತ್ತಲು ಏಣಿ ಬೇಕಿತ್ತು. ಕಂದಾಯದವರು ಬಂದರೆಂದರೆ ಮನೆಯವರು ಏಣಿಯನ್ನೇ ಮೇಲಕ್ಕೆಳೆದುಕೊಳ್ಳುತ್ತಿದ್ದರಂತೆ! ಸಾಲ ವಸೂಲಿಗೆ ಊರೂರು ಅಲೆದ ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಓದಿದರೆ ನಗುತ್ತಾರೆ.

ಈಗ ಕಾಗದಕ್ಕೆ ವಿಮಾನವಿದೆ. ಆದರೂ ಹಡಗು ಸಾಮಾನು ಇಳಿಸಲು, ಪಕ್ಕದೂರಿಗೆ ಹೋಗುವವರನ್ನು ಹತ್ತಿಸಿಕೊಳ್ಳಲು ಸಣ್ಣ ಬಂದರುಗಳಲ್ಲೂ ನಿಲ್ಲುತ್ತದೆ, ಕೆಲವೆಡೆ ಕಾಲು ಗಂಟೆ ಅಷ್ಟೇ. ಹೋಗುವಾಗ ರಾತ್ರಿ ಸಿಕ್ಕ ಊರು ಬರುವಾಗ ಹಗಲಿನಲ್ಲಿ ಸಿಗುವಂತೆ ವೇಳಾಪಟ್ಟಿ ಮಾಡಿದ್ದಾರೆ. ಇಂಥ ವೇಳಾಪಟ್ಟಿ ಕಂಡರೆ ನನಗೆ ಹೊಟ್ಟೆ ತುಂಬಿದ ಹಾಗೆ.

ಇನ್ನು ನಿಮಗೊಂದು ಲೆಕ್ಕ. ಬರ್ಗೆನ್‌ನಿಂದ ಸಂಜೆ ಹೊರಟ ಹಡಗು ಕಿರ್ಕೆನೆಸ್ ಮುಟ್ಟಿ 12ನೆಯ ದಿನ ಮಧ್ಯಾಹ್ನ ವಾಪಸು ಬರುತ್ತದೆ, ಅದೇ ಸಂಜೆ ಮತ್ತೆ ಹೊರಡುತ್ತದೆ. ದಿನಕ್ಕೊಂದು ಹಡಗು ಹೊರಡಬೇಕಾದರೆ ಒಟ್ಟು ಎಷ್ಟು ಹಡಗು ಬೇಕು? 12 ಎಂದು ಬರೆಯಬೇಡಿ. ಬೆರಳು ಮಡಚಿ ಎಣಿಸಿ, ಆಮೇಲೆ ತಾತನ ಹತ್ತಿರ ತಾಳೆ ನೋಡಿ.