ಹೊರೆ ಹೊರಿಸದೆ ದೋಷ ಕಾಣದು

ಅಭ್ಯಾಸ ಬೋಧನೆಯಲ್ಲಿ ನಾನು ಮಾಡಿದ ಪಾಠಗಳ ಪೈಕಿ ಒಳ್ಳೆಯ ಷರಾ ಬಂದದ್ದು ಹತ್ತನೇ ತರಗತಿಯ 'ಓಮ್‌ನ ನಿಯಮ'ಕ್ಕೆ. ಪೀಠಿಕೆ ಚೆನ್ನಾಗಿತ್ತು, ಕಪ್ಪುಹಲಗೆ ಬರಹ ಅಚ್ಚುಕಟ್ಟಾಗಿತ್ತು, ಮೌಲ್ಯಮಾಪನದ ಪ್ರಶ್ನೆಗಳಿಗೆ ಇಡೀ ತರಗತಿ ಕೈ ಎತ್ತಿತ್ತು. ಅದೇ ತಿಂಗಳಲ್ಲಿ ಅದೇ ಓಮ್‌ನ ನಿಯಮ ಗೊತ್ತಿದ್ದ ನಾನು, ನಾಲ್ಕು ಸಾವಿರ ರೂಪಾಯಿ ಚಿಲ್ಲರೆ ಕೊಟ್ಟು ಬೇಡದ ಕಾರ್ ಬ್ಯಾಟರಿಯೊಂದನ್ನು ಕೊಂಡೆ. ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದಾಗ ನಮ್ಮ ಪರಿಹಾರ ಬೋಧನೆಯ ಬಗ್ಗೆ ನನಗೆ ಅನ್ನಿಸಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಹಳೆಯ ಮಾರುತಿ 800 ಇದೆ. ಅದರ ತಯಾರಿಕೆ ನಿಂತದ್ದೇ 2014ರಲ್ಲಿ. ನಮ್ಮದು ಅದಕ್ಕೂ ಹಿಂದಿನದು, ಅಪ್ಪ ಎರಡನೇ ಕೈಯಲ್ಲಿ ಕೊಂಡದ್ದು. ಅಭ್ಯಾಸ ಬೋಧನೆಯ ಶಾಲೆಗೆ ಬಸ್ಸು ಸರಿಯಾಗಿ ಇಲ್ಲದ್ದರಿಂದ ಅದು ನನ್ನ ಪಾಲಿಗೆ ಬಂತು. ಓಡಿಸಲು ಬರುತ್ತಿತ್ತು, ಬಾನೆಟ್ ಎತ್ತಿದರೆ ಒಳಗಿರುವುದು ಏನೆಂದು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹೆಡ್‌ಲೈಟ್ ಮಾತ್ರ ಚೆನ್ನಾಗಿಯೇ ಉರಿಯುತ್ತಿತ್ತು. ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ 'ಬ್ಯಾಟರಿ ಹೋಗಿದೆ' ಎಂದು ನಾನೇ ತೀರ್ಮಾನಿಸಿದೆ. ಹೊಸದನ್ನು ಹಾಕಿಸಿದೆ, ಕಾರು ಹೊರಟಿತು. ಎಂಟೇ ದಿನಕ್ಕೆ ಮತ್ತೆ ಅದೇ 'ಟಕ್'.

ಆಗ ಹೋದದ್ದು ನಮ್ಮೂರಿನ ಹೆದ್ದಾರಿ ಪಕ್ಕದ ಗ್ಯಾರೇಜಿನ ಮೇಸ್ತ್ರಿಯ ಬಳಿಗೆ. ಅವರು ಕೈಯಲ್ಲಿ ಸ್ಪ್ಯಾನರ್ ಹಿಡಿಯಲೇ ಇಲ್ಲ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬಕ್ಕೂ ಇನ್ನೊಂದನ್ನು ಆ ಕಂಬವನ್ನು ತಬ್ಬಿಕೊಂಡ ಕ್ಲ್ಯಾಂಪಿಗೂ ಇಟ್ಟರು. ಎರಡರ ನಡುವೆ ಕೂದಲಿನಷ್ಟೂ ಜಾಗವಿರಲಿಲ್ಲ. ಮೀಟರು ಸೊನ್ನೆ ತೋರಿಸಿತು.

"ಸರಿಯಾಗಿದೆ ಅಲ್ವಾ ಅಣ್ಣಾ?" ಅಂದೆ.

"ಸುಮ್ನೆ ಇದ್ದಾಗ ಎಲ್ಲಾ ಸರಿಯಾಗೇ ಇರ್ತದೆ ಮೇಡಂ. ಸೆಲ್ಫ್ ಹೊಡೀರಿ."

ಕೀ ತಿರುಗಿಸಿದೆ. ಮೀಟರು ಐದು ವೋಲ್ಟಿನ ಹತ್ತಿರಕ್ಕೆ ಜಿಗಿಯಿತು. ಕ್ಲ್ಯಾಂಪಿನ ಒಳಮೈಗೆ ಹಸಿರು ಮಿಶ್ರಿತ ಬಿಳಿ ಕಿಲುಬು ಹಿಡಿದಿತ್ತು. ಹೊಸ ಬ್ಯಾಟರಿ ಹಾಕುವಾಗ ಅಲುಗಾಡಿಸಿ ಬಿಗಿದದ್ದರಿಂದ ಎಂಟು ದಿನ ಹೇಗೋ ನಡೆದಿತ್ತು, ಅಷ್ಟೆ. ಹಳೆಯ ಬ್ಯಾಟರಿಯಲ್ಲಿ ದೋಷವೇ ಇರಲಿಲ್ಲ.

ಕೈಬಳೆ ತೆಗೆಸಿ, ಹತ್ತು ನಂಬರಿನ ಸ್ಪ್ಯಾನರ್ ಕೊಟ್ಟು, ಮೇಸ್ತ್ರಿ ನನ್ನಿಂದಲೇ ಕೆಲಸ ಮಾಡಿಸಿದರು. ಮೊದಲು ಋಣ ತುದಿ ಬಿಚ್ಚಬೇಕು, ಕೊನೆಗೆ ಅದನ್ನೇ ಹಾಕಬೇಕು. ಋಣ ತುದಿ ಕಾರಿನ ಲೋಹದ ಮೈಗೆ ಜೋಡಣೆಯಾಗಿರುತ್ತದೆ. ಅದನ್ನು ಬಿಚ್ಚದೆ ಧನ ತುದಿಗೆ ಕೈ ಹಾಕಿದಾಗ ಸ್ಪ್ಯಾನರ್ ಎಲ್ಲಾದರೂ ಮೈಗೆ ತಾಗಿದರೆ ಹ್ರಸ್ವ ಮಂಡಲ. ಲೋಹದ ಬಳೆಯನ್ನು ತೆಗೆಸಿದ್ದೂ ಇದೇ ಕಾರಣಕ್ಕೆ. ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದಾಗ ಕಿಲುಬು ನೊರೆಯುಕ್ಕಿತು: ಆಮ್ಲದ ತಟಸ್ಥೀಕರಣ, ಇಂಗಾಲದ ಡೈಆಕ್ಸೈಡ್. ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಕಾರು ಹೊರಟಿತು.

ಹೆಡ್‌ಲೈಟ್ ಉರಿದು ಸೆಲ್ಫ್ ಮಾತ್ರ ತಿರುಗದಿದ್ದದ್ದು ಯಾಕೆ? ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಕಿಲುಬಿನ ರೋಧ 0.05 ಓಮ್ ಎಂದಿಟ್ಟುಕೊಳ್ಳೋಣ. ಎರಡು ಹೆಡ್‌ಲೈಟ್‌ಗಳು ಸುಮಾರು 10 ಆಂಪಿಯರ್ ಪ್ರವಾಹ ಎಳೆಯುತ್ತವೆ. ಕಿಲುಬಿನಲ್ಲಿ ಕಳೆದುಹೋಗುವುದು 0.5 ವೋಲ್ಟ್. ಬೆಳಕಿನಲ್ಲಿ ವ್ಯತ್ಯಾಸವೇ ತಿಳಿಯದು. ಸ್ಟಾರ್ಟರ್ ಮೋಟಾರಿಗೆ ಬೇಕಾದದ್ದು 100 ಆಂಪಿಯರ್ ಎಂದುಕೊಂಡರೆ ಕಳೆದುಹೋಗುವುದು 5 ವೋಲ್ಟ್. ತುಂಬಿದ ಬ್ಯಾಟರಿಯ ಆರು ಕೋಶಗಳು ಸೇರಿ ಕೊಡುವುದೇ 12.6 ವೋಲ್ಟ್. ಮಿಕ್ಕದ್ದರಲ್ಲಿ ಮೋಟಾರು ಎಂಜಿನ್ನನ್ನು ತಿರುಗಿಸಲಾರದು. ಇಷ್ಟು ಸಣ್ಣ ರೋಧವನ್ನು ಸಾಮಾನ್ಯ ಮಲ್ಟಿಮೀಟರಿನ ಓಮ್ ಮಾಪನದಲ್ಲಿ ನಂಬಿಕೆಯಿಂದ ಅಳೆಯಲೂ ಆಗದು. ಹೊರೆ ಬಿದ್ದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಇದು ನಾನು ಪಾಠ ಮಾಡಿದ ಸೂತ್ರವೇ. ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದುಕೊಟ್ಟ ಸೂತ್ರವೇ. ಬಾನೆಟ್ಟಿನ ಮುಂದೆ ನಿಂತಾಗ ಅದು ನೆನಪಿಗೂ ಬರಲಿಲ್ಲ. ಮಾರನೆಯ ವಾರ ಮೇಸ್ತ್ರಿಗೆ ಲೆಕ್ಕ ತೋರಿಸಿದೆ. ತಾವು ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲೇ ಫೇಲಾದವರು ಎಂದು ನಕ್ಕರು. ಕಾಗದವನ್ನು ಎರಡು ಸಲ ನೋಡಿ, "ಲೈಟ್ ಯಾಕೆ ಉರೀತದೆ ಅನ್ನೋದು ನಂಗೂ ಇವತ್ತೇ ಗೊತ್ತಾಗಿದ್ದು" ಅಂದರು. ಗ್ಯಾರೇಜನ್ನು ಶಾಲೆಗಿಂತ ದೊಡ್ಡದು ಮಾಡಿ ಹೇಳುವ ಆಸೆ ನನಗಿಲ್ಲ. ಅವರಿಗೆ ಪರೀಕ್ಷಿಸುವ ಕ್ರಮ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ನನಗೆ ಕಾರಣ ಗೊತ್ತಿತ್ತು, ಪರೀಕ್ಷಿಸಲು ಬರುತ್ತಿರಲಿಲ್ಲ. ಶಾಲೆಯ ವಿಜ್ಞಾನ ಪಾಠದಿಂದ ನಮ್ಮಿಬ್ಬರಿಗೂ ಅರ್ಧರ್ಧವಷ್ಟೇ ದಕ್ಕಿತ್ತು.

ಈಗ ತರಗತಿಗೆ ಬರೋಣ. 'ಓಮ್‌ನ ನಿಯಮ ಹೇಳಿ', 'ರೋಧದ ಏಕಮಾನ ಯಾವುದು' ಎಂದಾಗ ಎಲ್ಲರೂ ಕೈ ಎತ್ತಿದ ನನ್ನ ತರಗತಿ ಘಟಕ ಪರೀಕ್ಷೆಯ ಶ್ರೇಣಿ ಸಂಪರ್ಕದ ಲೆಕ್ಕದಲ್ಲಿ ಎಡವಿತ್ತು. ನಾನು ಮಾಡಿದ್ದೇನು? ಪರಿಹಾರ ಬೋಧನೆಯ ಹೆಸರಿನಲ್ಲಿ ಇಡೀ ಪಾಠವನ್ನು ಮೊದಲಿನಿಂದ ಮತ್ತೆ ಮಾಡಿದೆ. ಬ್ಯಾಟರಿ ಬದಲಾಯಿಸಿದೆ ಎನ್ನಿ. ಮಕ್ಕಳು ಮತ್ತೆ ಎಂಟು ದಿನ ಸರಿಯಾಗಿ ಉತ್ತರಿಸಿದರು.

ಗ್ಯಾರೇಜಿನಿಂದ ಬಂದ ಮೇಲೆ ಅದೇ ತರಗತಿಗೆ ಒಂದೇ ಪ್ರಶ್ನೆ ಕೊಟ್ಟೆ: ಹೆಡ್‌ಲೈಟ್ ಉರಿಯುತ್ತದೆ, ಸೆಲ್ಫ್ ತಿರುಗುವುದಿಲ್ಲ, ಜೋಡಣೆಯ ರೋಧ 0.05 ಓಮ್, ಕಾರಣವನ್ನು ಲೆಕ್ಕ ಸಹಿತ ಬರೆಯಿರಿ. ಬಂದ ತಪ್ಪುಗಳು ಒಂದೇ ಬಗೆಯವಲ್ಲ. ಕೆಲವರು 'ಕರೆಂಟು ಕಿಲುಬಿನಲ್ಲೇ ಖರ್ಚಾಗಿ ಮೋಟಾರಿಗೆ ಕಡಿಮೆ ಹೋಗುತ್ತದೆ' ಎಂದು ಬರೆದಿದ್ದರು. ಶ್ರೇಣಿ ಮಂಡಲದಲ್ಲಿ ಪ್ರವಾಹ ಎಲ್ಲೆಡೆ ಒಂದೇ ಎಂಬುದನ್ನು ಬಾಯಲ್ಲಿ ಹೇಳುವ ಮಕ್ಕಳೇ ಇವರು. ಕೆಲವರ ಪ್ರಕಾರ ಬ್ಯಾಟರಿ ಹನ್ನೆರಡು ವೋಲ್ಟಿನದಾದ ಮೇಲೆ ಮೋಟಾರಿಗೂ ಹನ್ನೆರಡೇ ಸಿಗಬೇಕು. ಇನ್ನು ಕೆಲವರ ತರ್ಕ ಪೂರ್ತಿ ಸರಿಯಿತ್ತು, 0.05ನ್ನು 100ರಿಂದ ಗುಣಿಸುವಲ್ಲಿ ದಶಮಾಂಶ ಬಿಂದು ಜಾರಿತ್ತು. ಈ ಕೊನೆಯ ಗುಂಪಿನವರನ್ನು 'ವಿದ್ಯುಚ್ಛಕ್ತಿ ಅಧ್ಯಾಯದಲ್ಲಿ ಹಿಂದುಳಿದವರು' ಎಂದು ದಾಖಲೆಯಲ್ಲಿ ನಾನೇ ಬರೆದಿದ್ದೆ. ಅವರಿಗೆ ಬೇಕಿದ್ದದ್ದು ಗಣಿತದ ಅರ್ಧ ಗಂಟೆ. ನಾನು ಕೊಟ್ಟದ್ದು ಆಗಲೇ ತಿಳಿದಿದ್ದ ಪಾಠವನ್ನು ಇನ್ನೊಂದು ಸಲ, ಜೊತೆಗೆ ಹಿಂದುಳಿದವರೆಂಬ ಹಣೆಪಟ್ಟಿ.

ನೈದಾನಿಕ ಪರೀಕ್ಷೆಯ ವ್ಯಾಖ್ಯೆಯನ್ನು ನಾವೆಲ್ಲರೂ ಬರೆದಿದ್ದೇವೆ. ಆದರೆ ನಮ್ಮ ಪಾಠಯೋಜನೆಯ ಮೌಲ್ಯಮಾಪನ ಹಂತದಲ್ಲಿ ಬರುವ ಪ್ರಶ್ನೆಗಳು ಬಹುಪಾಲು ಸೆಲ್ಫ್ ಹೊಡೆಯದೆ ಮೀಟರು ನೋಡಿದಂತೆ. ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತವೆ. ವೀಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತಿರುವಾಗ ಕೈಗಳು ಮೇಲೇಳಲಿ ಎಂಬ ಆಸೆ ಪ್ರಶಿಕ್ಷಣಾರ್ಥಿಗೆ ಇರುತ್ತದೆ, ಅದು ಸಹಜ. ಕಷ್ಟದ ಪ್ರಶ್ನೆ ಕೇಳಿ ತರಗತಿ ಮೌನವಾದರೆ ಅಂಕ ಹೋಗುತ್ತದೆಂಬ ಭಯ ನನಗೂ ಇತ್ತು.

ಸಮಯವೆಲ್ಲಿದೆ ಎಂದು ಸಹಪಾಠಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇಡೀ ಪಾಠವನ್ನು ಮತ್ತೆ ಮಾಡಲು ನಾನು ಎರಡು ಅವಧಿ ತೆಗೆದುಕೊಂಡಿದ್ದೆ. ಆ ಒಂದು ಪ್ರಶ್ನೆಗೆ ಹಿಡಿದದ್ದು ಇಪ್ಪತ್ತು ನಿಮಿಷ. ಇದಕ್ಕೆ ಕಾರೂ ಬೇಕಿಲ್ಲ. ಕಾರಿನ ಬ್ಯಾಟರಿಯನ್ನು ತರಗತಿಗೆ ತರಲೂಬಾರದು. ಆಮ್ಲವಿದೆ, ಜಲಜನಕ ಹೊರಬರುತ್ತದೆ. ಎರಡು ಟಾರ್ಚ್ ಸೆಲ್, 100 ಓಮ್ ರೋಧಕದೊಂದಿಗೆ ಒಂದು ಕೆಂಪು ಎಲ್‌ಇಡಿ, ಅದಕ್ಕೆ ಸಮಾಂತರವಾಗಿ ಆಟಿಕೆಯ ಒಂದು ಪುಟ್ಟ ಮೋಟಾರು ಸಾಕು. ಸೆಲ್‌ನಿಂದ ಹೊರಡುವ ತಂತಿಯಲ್ಲಿ 10 ಓಮ್ ರೋಧಕವೊಂದನ್ನು ಶ್ರೇಣಿಯಲ್ಲಿ ಸೇರಿಸಿದರೆ ಅದೇ ನಮ್ಮ ಕಿಲುಬು. ಮೋಟಾರಿನ ತಂತಿ ಬಿಚ್ಚಿದಾಗ ಎಲ್‌ಇಡಿ ಚೆನ್ನಾಗಿ ಉರಿಯುತ್ತದೆ. ಜೋಡಿಸಿದೊಡನೆ ಮಂಕಾಗುತ್ತದೆ ಇಲ್ಲವೇ ಆರಿಹೋಗುತ್ತದೆ, ಮೋಟಾರೂ ಸರಿಯಾಗಿ ತಿರುಗುವುದಿಲ್ಲ. ಯಾಕೆಂದು ಮಕ್ಕಳೇ ಕೇಳುತ್ತಾರೆ.

ನಮ್ಮ ಬೋಧಕರಲ್ಲಿ ಎರಡು ವಿನಂತಿಗಳಿವೆ. ಪಾಠ ವೀಕ್ಷಣೆಯ ನಮೂನೆಯಲ್ಲಿ ಒಂದು ಸಾಲು ಸೇರಿಸಿ: 'ದೋಷವನ್ನು ಹೊರತೆಗೆಯುವ ಒಂದು ಪ್ರಶ್ನೆಯನ್ನಾದರೂ ಕೇಳಲಾಯಿತೇ?' ಅದಕ್ಕೆ ತರಗತಿ ಮೌನವಾದರೆ ಅಂಕ ಕಳೆಯಬೇಡಿ. ಆ ಮೌನದ ನಂತರ ಪ್ರಶಿಕ್ಷಣಾರ್ಥಿ ಏನು ಮಾಡಿದರು ಎಂಬುದನ್ನು ನೋಡಿ. ಎರಡನೆಯದಾಗಿ, ಅಭ್ಯಾಸ ಬೋಧನೆಗೆ ಹೋಗುವ ಮುನ್ನ ಒಂದೆರಡು ಶನಿವಾರ ನಮ್ಮನ್ನು ಗ್ಯಾರೇಜಿಗೋ, ಮೋಟಾರ್ ರಿವೈಂಡಿಂಗ್ ಅಂಗಡಿಗೋ, ಹೊಲಿಗೆ ಯಂತ್ರ ರಿಪೇರಿಯವರಲ್ಲಿಗೋ ಕಲಿಯಲು ಕಳಿಸಿ. ಏನೂ ತಿಳಿಯದವರಾಗಿ ಇನ್ನೊಬ್ಬರ ಮುಂದೆ ನಿಲ್ಲುವುದು ಹೇಗಿರುತ್ತದೆಂದು ಪದವಿ ಮುಗಿಸುವಷ್ಟರಲ್ಲಿ ನಾವು ಮರೆತಿರುತ್ತೇವೆ. ಆ ದಿನ ಮೇಸ್ತ್ರಿ ನನ್ನ ಹೊಸ ಬ್ಯಾಟರಿಯನ್ನು ನೋಡಿಯೂ ನಗಲಿಲ್ಲ. ಕೈಗೆ ಸ್ಪ್ಯಾನರ್ ಕೊಟ್ಟರು. ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಿಂದಿರುಗಿಸುವಾಗ ನನ್ನ ಮಕ್ಕಳ ಜೊತೆ ನಾನು ಹಾಗೆ ನಡೆದುಕೊಂಡಿರಲಿಲ್ಲ.