ಆಮೇಲೇನು, ರಾಮು?

ಆಲೂರು ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಏಕಲವ್ಯನ ಪಾತ್ರ ಮಾಡಿದ್ದ. ಹೆಬ್ಬೆರಳು ಕೊಡುವ ದೃಶ್ಯದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದೆ. ಅದಾಗಿ ವಾರ ಕಳೆದಿರಲಿಲ್ಲ, ಹುಡುಗನ ತಂದೆ ಮನೆಗೆ ಬಂದರು. ಎರಡು ಎಕರೆ ಕಾಫಿ, ಒಂದಿಷ್ಟು ಗದ್ದೆ ಇರುವ ಸಣ್ಣ ಹಿಡುವಳಿದಾರರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಮಾತು ತೆಗೆದರು.

"ಮೇಷ್ಟ್ರೇ, ಟೀವಿಯೋರು ಹಾಸನಕ್ಕೆ ಬಂದು ಮಕ್ಕಳನ್ನ ಆರಿಸ್ತಾರಂತೆ. ನಮ್ಮ ಹುಡುಗ ಆಯ್ಕೆ ಆದ್ರೆ ಒಂದು ವರ್ಷ ಸ್ಕೂಲು ಬಿಡಿಸೋಣ ಅಂತಿದ್ದೀನಿ. ಅಪ್ಪು ಕೂಡ ಸಣ್ಣ ವಯಸ್ಸಲ್ಲೇ ಆಕ್ಟ್ ಮಾಡಿರ್ಲಿಲ್ವಾ? ಎಲ್ಲಿಗೆ ಹೋದ್ರು ನೋಡಿ!"

ತಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಬೇಡವೆಂದರೆ ಮಗುವಿನ ಪ್ರತಿಭೆಗೆ ಅಡ್ಡಗಾಲು ಹಾಕಿದಂತಾಗುತ್ತದೆ. ಆಗಲಿ ಎಂದರೆ ಮೇಷ್ಟ್ರೇ ಶಾಲೆ ಬಿಡಿಸಿದಂತಾಗುತ್ತದೆ. "ಭಾನುವಾರ ಹುಡುಗನನ್ನೂ ಕರೆದುಕೊಂಡು ಬನ್ನಿ. ಒಂದು ಸಿನಿಮಾ ನೋಡೋಣ, ಆಮೇಲೆ ಮಾತಾಡೋಣ" ಎಂದು ಕಳುಹಿಸಿದೆ. ಅವರು ಹೆಸರೆತ್ತಿದ ಅಪ್ಪುವಿನ ಚಿತ್ರವೇ ಅದು: 'ಬೆಟ್ಟದ ಹೂವು'.

ಈಗಿನ ಮಕ್ಕಳಿಗೆ ಪುನೀತ್ ರಾಜ್‌ಕುಮಾರ್ ಎಂದರೆ 'ಅಪ್ಪು', 'ಜಾಕಿ', 'ರಾಜಕುಮಾರ'. ಅವರ ತಂದೆತಾಯಿಯರಿಗೆ ಮಾಸ್ಟರ್ ಲೋಹಿತ್ ಎಂಬ ಹೆಸರು ನೆನಪಿದ್ದೀತು. 1975ರ ಮಾರ್ಚ್ 17ರಂದು ಮದರಾಸಿನಲ್ಲಿ ಹುಟ್ಟಿದ ಮಗು ಆರು ತಿಂಗಳಿಗೇ ಕ್ಯಾಮೆರಾ ಮುಂದೆ ಬಂದಿತ್ತು. ಆ ಚಿತ್ರ, ವಿ. ಸೋಮಶೇಖರ್ ನಿರ್ದೇಶನದ 'ಪ್ರೇಮದ ಕಾಣಿಕೆ', 1976ರಲ್ಲಿ ತೆರೆಕಂಡಿತು. ಅಲ್ಲಿಂದ 1989ರ 'ಪರಶುರಾಮ್'ವರೆಗೆ ಹತ್ತಕ್ಕೂ ಮಿಕ್ಕಿ ಚಿತ್ರಗಳಲ್ಲಿ ಬಾಲನಟನಾಗಿ ನಟಿಸಿದ್ದಾಯಿತು. 'ಭಾಗ್ಯವಂತ'ದಲ್ಲಿ ಆ ಪುಟ್ಟ ಕಂಠವೇ ಹಾಡಿದ ಹಾಡನ್ನು ಇಂದಿಗೂ ಶಾಲಾ ಸಮಾರಂಭಗಳಲ್ಲಿ ಕೇಳುತ್ತೇವೆ. 'ಚಲಿಸುವ ಮೋಡಗಳು' ಮತ್ತು 'ಎರಡು ನಕ್ಷತ್ರಗಳು', ಎರಡೂ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ ಚಿತ್ರಗಳು, ರಾಜ್ಯ ಸರ್ಕಾರದ ಅತ್ಯುತ್ತಮ ಬಾಲನಟ ಪ್ರಶಸ್ತಿ ತಂದುಕೊಟ್ಟವು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪುವಾಗಿ ಅಬ್ಬರಿಸುವ ಡಾ. ರಾಜ್ ಎದುರು ಮಗ ಪ್ರಹ್ಲಾದನಾಗಿ ನಿಂತ ಬಗೆಯನ್ನು ನೋಡಬೇಕು. ತಂದೆಯ ಕಂಠ ಏರಿದಷ್ಟೂ ಮಗು ತಣ್ಣಗೆ ಮಾತಾಡುತ್ತದೆ.

ಆದರೆ ಇವೆಲ್ಲದರಲ್ಲೂ ಲೋಹಿತ್ ದೊಡ್ಡವರ ಕಥೆಯೊಳಗಿನ ಮಗು, ಅಥವಾ ಪುರಾಣದ ಮಗು. ನಮ್ಮ ನಿಮ್ಮ ಮನೆಯ ಮಗುವಾದದ್ದು 1985ರ 'ಬೆಟ್ಟದ ಹೂವು' ಚಿತ್ರದಲ್ಲಿ. ಅದರ ನಿರ್ದೇಶಕರು ಎನ್. ಲಕ್ಷ್ಮೀನಾರಾಯಣ್. 1964ರಲ್ಲಿ 'ನಾಂದಿ' ಮಾಡಿ ಕನ್ನಡ ಚಿತ್ರಕ್ಕೆ ಹೊಸ ದಾರಿ ತೋರಿಸಿದವರು. ನಮ್ಮ ಸಕಲೇಶಪುರಕ್ಕೆ ಹೊಂದಿಕೊಂಡೇ ಇರುವ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಕಥೆಯನ್ನು 1973ರಲ್ಲಿ ತೆರೆಗೆ ತಂದವರೂ ಅವರೇ. ಬೆಟ್ಟದೂರಿನ ಬಡತನ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಥೆ ಸರಳ. ರಾಮು ಓದಿನಲ್ಲಿ ಆಸೆಯುಳ್ಳ ಬಡ ಹುಡುಗ. ಅಂಗಡಿಯಲ್ಲಿ ಕಂಡ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ತನ್ನದಾಗಬೇಕೆಂದು ಅವನಿಗೆ ಹಂಬಲ. ಮನೆಯ ಕಷ್ಟಕ್ಕೆ ಶಾಲೆ ತಪ್ಪುತ್ತದೆ. ಬೆಟ್ಟದ ಅಪರೂಪದ ಹೂಗಳನ್ನು ಹುಡುಕಿಕೊಂಡು ಬಂದ ವಿದೇಶಿ ಮಹಿಳೆಗೆ ರಾಮು ಕಾಡು ಸುತ್ತಿ ಹೂ ತಂದುಕೊಡುತ್ತಾನೆ. ಸಿಕ್ಕ ಕಾಸನ್ನು ಪುಸ್ತಕಕ್ಕೆಂದು ಕೂಡಿಡುತ್ತಾನೆ. ಆದರೆ ಕೊನೆಗೆ ಆ ದುಡ್ಡು ಪುಸ್ತಕಕ್ಕೆ ಹೋಗುವುದಿಲ್ಲ. ಚಳಿಯಲ್ಲಿ ನಡುಗುವ ಮನೆಯವರಿಗೆ ಕಂಬಳಿಯಾಗುತ್ತದೆ.

ನಮ್ಮ ಕಡೆಯವರಿಗೆ ಇದು ಬೇರೆ ಊರಿನ ಕಥೆಯೆನಿಸುವುದಿಲ್ಲ. ಮುಂಗಾರು ಕಾಲಿಡುವ ಹೊತ್ತಿಗೆ ಹೆತ್ತೂರು, ಹಾನುಬಾಳು ಕಡೆಯ ಮರಗಳ ಮೇಲೆ ಸೀತಾಳೆ ದಂಡೆ ಜೋತುಬಿಡುವುದನ್ನು ನೋಡದ ಮಕ್ಕಳಿಲ್ಲ. ರಾಮು ಹುಡುಕಿ ತರುವ ಹೂಗಳು ಅದೇ ಕುಲದವು. ಅವನು ಮಾಡಿದನೆಂದು ಇಂದು ನೀವು ಕಾಡಿನಿಂದ ಅವನ್ನು ಕೀಳಬೇಡಿ. ಮರದಲ್ಲಿದ್ದರೇ ಅವಕ್ಕೆ ಶೋಭೆ, ನಮಗೂ ಲಾಭ. ಇನ್ನು ಡಿಸೆಂಬರ್, ಜನವರಿಯ ಚಳಿ. ಕಾಫಿ ಹಣ್ಣು ಕುಯ್ಯುವ ಕಾಲ. ಲೈನ್ ಮನೆಗಳ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುವುದರಿಂದ ನನ್ನ ಹಾಜರಿ ಪುಸ್ತಕದಲ್ಲಿ ಆ ಎರಡು ತಿಂಗಳು ಗೈರುಹಾಜರಿಯೇ ಹೆಚ್ಚು. ಕಂಬಳಿಯೋ ಪುಸ್ತಕವೋ ಎಂಬ ಪ್ರಶ್ನೆ ಇಲ್ಲಿ ಸಿನಿಮಾದ ಪ್ರಶ್ನೆಯಲ್ಲ.

ಈ ಪಾತ್ರಕ್ಕೆ ಲೋಹಿತ್‌ಗೆ ಆ ಸಾಲಿನ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ನಾಡಿನ ಅತಿ ದೊಡ್ಡ ನಟನ ಮನೆಯ ಮಗು, ಹತ್ತೇ ವರ್ಷದ್ದು, ಕಾಸಿಗೆ ಕಾಸು ಸೇರಿಸುವ ಬಡ ಹುಡುಗನನ್ನು ಎಲ್ಲಿಂದ ತಂದಿತು? ಆ ಮುಖದಲ್ಲಿ ಅಳುವನ್ನು ತೋರಿಸುವ ಆತುರವಿಲ್ಲ, ತಡೆದುಕೊಳ್ಳುವ ಪ್ರಯತ್ನವಿದೆ. ಬಡಮಕ್ಕಳು ಅಳುವುದೇ ಹಾಗೆ.

ಈ ಚಿತ್ರದ ಮೂಲ, ಶರ್ಲಿ ಎಲ್. ಅರೋರಾ ಎಂಬ ಅಮೆರಿಕದ ಲೇಖಕಿ 1960ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಆಮೇಲೇನು, ರಾಮನ್?' ಎಂದಾಗುತ್ತದೆ. ಓದು ಕಲಿತೆ, ಸರಿ, ಆಮೇಲೇನು? ಈ ಪ್ರಶ್ನೆಯನ್ನು ಬಾಲನಟರ ಮುಂದೂ ಇಡಬಹುದು. ಚಪ್ಪಾಳೆ ಬಂತು, ಪ್ರಶಸ್ತಿ ಬಂತು. ಆಮೇಲೇನು?

ಒಂದೊಂದು ಮಗುವಿಗೆ ಒಂದೊಂದು ಉತ್ತರ ಸಿಕ್ಕಿದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಸ್ವಾಮಿಯಾಗಿ ದೇಶಕ್ಕೆಲ್ಲ ಪರಿಚಿತರಾದ ಮಾಸ್ಟರ್ ಮಂಜುನಾಥ್ ದೊಡ್ಡವರಾದ ಮೇಲೆ ನಟನೆ ಬಿಟ್ಟು ಬೇರೆ ವೃತ್ತಿ ಹಿಡಿದರು. 1993ರ 'ಚಿನ್ನಾರಿ ಮುತ್ತ'ದ ಹುಡುಗ ವಿಜಯ ರಾಘವೇಂದ್ರ ಮರುವರ್ಷ 'ಕೊಟ್ರೇಶಿ ಕನಸು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, 2002ರಲ್ಲಿ 'ನಿನಗಾಗಿ' ಚಿತ್ರದ ನಾಯಕನಾಗಿ ಮರಳಿದರು. ಎರಡೂ ಒಳ್ಳೆಯ ದಾರಿಗಳೇ.

ಪುನೀತ್ ಆರಿಸಿಕೊಂಡದ್ದು ಕಾಯುವ ದಾರಿ. 1989ರಲ್ಲಿ ಹದಿನಾಲ್ಕರ ಹುಡುಗ ತೆರೆಯಿಂದ ಸರಿದರೆ, 'ಅಪ್ಪು' ಚಿತ್ರದ ನಾಯಕನಾಗಿ ಬಂದದ್ದು 2002ರ ಏಪ್ರಿಲ್‌ನಲ್ಲಿ. ಹದಿಮೂರು ವರ್ಷ! ರಾಷ್ಟ್ರಪ್ರಶಸ್ತಿ ಕೈಯಲ್ಲಿತ್ತು, ಮನೆಯಲ್ಲೇ ನಿರ್ಮಾಣ ಸಂಸ್ಥೆಯಿತ್ತು. ಆದರೂ ಕಾದರು. ಎಲ್ಲರಿಗೂ ಅಂಥ ಅನುಕೂಲವಿರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅವಕಾಶ ತಪ್ಪಿದರೂ ಊಟ ತಪ್ಪದ ಮನೆ ಅದು. ನಮ್ಮ ಏಕಲವ್ಯನ ತಂದೆ ಅಪ್ಪುವಿನ ಉದಾಹರಣೆ ಕೊಡುವಾಗ ಮರೆತದ್ದು ಇದನ್ನೇ.

ನಾಯಕನಾದ ಮೇಲಿನ ಚಿತ್ರಗಳಲ್ಲಿ ಹೊಡೆದಾಟ, ಕುಣಿತ ಧಾರಾಳವಾಗಿವೆ. ಮಕ್ಕಳು ಮೊದಲು ಮೆಚ್ಚುವುದೂ ಅದನ್ನೇ, ತಪ್ಪಲ್ಲ. ಆದರೆ ಮನೆಮಂದಿಯೆಲ್ಲ ಕುಳಿತು ನೋಡಿ, ನೋಡಿದ ಮೇಲೆ ಮಾತಾಡಬಹುದಾದ ಕೆಲವನ್ನು ಹೆಸರಿಸುತ್ತೇನೆ. ಪ್ರಕಾಶ್ ನಿರ್ದೇಶನದ 'ಮಿಲನ' (2007) ಅವರಿಗೆ ಶ್ರೇಷ್ಠ ನಟ ರಾಜ್ಯಪ್ರಶಸ್ತಿ ತಂದ ಚಿತ್ರ. ಕೂಗಾಡದೆ ಪ್ರೀತಿಸುವುದು ಹೇಗೆಂದು ಅದರಲ್ಲಿದೆ. 'ಪೃಥ್ವಿ'ಯಲ್ಲಿ (2010) ಅವರು ಬಳ್ಳಾರಿಯ ಜಿಲ್ಲಾಧಿಕಾರಿ, ಎದುರಿಗೆ ಗಣಿ ದಂಧೆ. ಐಎಎಸ್ ಕನಸಿರುವ ಕಾಲೇಜು ಮಕ್ಕಳು ನೋಡಲಿ. 'ರಾಜಕುಮಾರ' (2017) ವೃದ್ಧಾಶ್ರಮದ ಅಪ್ಪ ಅಮ್ಮಂದಿರ ಕಥೆ. 'ಯುವರತ್ನ' (2021) ಶಿಕ್ಷಣ ವ್ಯಾಪಾರವಾಗಿರುವುದನ್ನು ಕುರಿತದ್ದು.

ಇವುಗಳ ನಡುವೆ ಅಷ್ಟಾಗಿ ಮಾತಿಗೆ ಬಾರದ ಒಂದು ಚಿತ್ರವಿದೆ. ಬಿ.ಎಂ. ಗಿರಿರಾಜ್ ನಿರ್ದೇಶಿಸಿದ 'ಮೈತ್ರಿ' (2015). ಬಾಲಮಂದಿರದ ಹುಡುಗನೊಬ್ಬ ಟೀವಿಯ ಕ್ವಿಜ್ ಕಾರ್ಯಕ್ರಮಕ್ಕೆ ಬರುತ್ತಾನೆ. ನಡೆಸಿಕೊಡುವವರು ಪುನೀತ್, ಪುನೀತ್ ಆಗಿಯೇ. ಒಂದು ಕಾಲಕ್ಕೆ ತೆರೆಯ ಮಗುವಾಗಿದ್ದವರು ಇಲ್ಲಿ ಬೇರೊಂದು ಮಗುವಿಗೆ ಮುಂದಿನ ಜಾಗ ಬಿಟ್ಟು ತಾವು ಪಕ್ಕಕ್ಕೆ ಕೂರುತ್ತಾರೆ. ದೊಡ್ಡ ನಟನೊಬ್ಬ ಹಾಗೆ ಕೂರುವುದು ಸಣ್ಣ ಸಂಗತಿಯಲ್ಲ.

ಕೊನೆಯದು 'ಗಂಧದ ಗುಡಿ'. 2021ರ ಅಕ್ಟೋಬರ್ 29ರಂದು, ನಲವತ್ತಾರನೇ ವಯಸ್ಸಿಗೆ ಪುನೀತ್ ತೀರಿಕೊಂಡರು. ಅಮೋಘವರ್ಷ ಅವರೊಂದಿಗೆ ನಾಡಿನ ಕಾಡು, ನದಿ, ಕಡಲು ಸುತ್ತಿ ಮಾಡಿದ ಈ ಚಿತ್ರ ಮರುವರ್ಷ ಅಕ್ಟೋಬರ್ 28ಕ್ಕೆ ಬಂತು. ತಂದೆಯ 1973ರ ಚಿತ್ರದ ಹೆಸರೇ ಇದಕ್ಕೂ. ಇಲ್ಲಿ ಪಾತ್ರವಿಲ್ಲ, ಕಾಡಿನಲ್ಲಿ ನಡೆಯುವ ಮನುಷ್ಯನೊಬ್ಬನಿದ್ದಾನೆ. ಹೆದರಿಕೆಯಾದಾಗ ಹೆದರಿಕೆಯಾಯಿತೆಂದು ಒಪ್ಪಿಕೊಳ್ಳುತ್ತಾನೆ, ಕಂಡದ್ದಕ್ಕೆ ಬೆರಗಾಗುತ್ತಾನೆ. ಬೆಟ್ಟದಲ್ಲಿ ಹೂ ಹುಡುಕಿದ ರಾಮುವೇ ಬೆಳೆದು ಮತ್ತೆ ಕಾಡಿಗೆ ಬಂದನೇನೋ ಎನಿಸುತ್ತದೆ.

ಆನೆ ಕಾಟದಲ್ಲಿ ಬದುಕುವ ನಮಗೆ ಈ ಚಿತ್ರ ಇನ್ನೊಂದು ರೀತಿಯಲ್ಲಿ ತಾಗುತ್ತದೆ. ಇಂದು ಸಕಲೇಶಪುರ, ಆಲೂರು ತಾಲ್ಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮಗುವನ್ನು ರಾಮುವಿನ ಹಾಗೆ ಒಂಟಿಯಾಗಿ ಗುಡ್ಡಕ್ಕೆ ಬಿಡುವಂತಿಲ್ಲ. ಬೆಳಿಗ್ಗೆ ಅರಣ್ಯ ಇಲಾಖೆಯ ಆನೆ ಸಂದೇಶ ಮೊಬೈಲಿನಲ್ಲಿ ನೋಡಿಯೇ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರಿದ್ದಾರೆ. ಬೆಳೆ ಕಳೆದುಕೊಂಡವರಿಗೆ, ಮನೆಯವರನ್ನೇ ಕಳೆದುಕೊಂಡವರಿಗೆ ಕಾಡನ್ನು ಪ್ರೀತಿಸಿ ಎಂದು ಪಾಠ ಹೇಳುವುದು ಸುಲಭವಲ್ಲ. ಆದರೂ ಕಾಡನ್ನು ಬರೀ ಭಯವಾಗಿ ಮಾತ್ರ ಕಂಡು ಬೆಳೆಯುವ ಮಕ್ಕಳಿಗೆ, ಅದು ಬೇರೆಯೂ ಆಗಿದೆ ಎಂದು ತೋರಿಸಲು ಇಂಥದೊಂದು ಚಿತ್ರ ಬೇಕು.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. 'ಬೆಟ್ಟದ ಹೂವು' ಮುಗಿದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನು ತಂದೆಗೆ ಕಾನೂನು ಹೇಳಿದೆ. ಹೆಚ್ಚಿನವರಿಗೆ ಇದು ತಿಳಿದಿಲ್ಲವಾದ್ದರಿಂದ ಇಲ್ಲೂ ಬರೆಯುತ್ತೇನೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ ಮತ್ತು 2017ರ ನಿಯಮಗಳ ಪ್ರಕಾರ ಮಕ್ಕಳು ಸಿನಿಮಾ, ಟೀವಿಯಲ್ಲಿ ನಟಿಸಬಹುದು. ಆದರೆ ಓದು ನಿಲ್ಲಬಾರದು. ದಿನಕ್ಕೆ 5 ಗಂಟೆ ಮೀರಬಾರದು, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸಬಾರದು. ಸತತ 27 ದಿನಕ್ಕಿಂತ ಹೆಚ್ಚು ಚಿತ್ರೀಕರಣ ಕೂಡದು. ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಯ ಅನುಮತಿ ಪಡೆಯಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ನ್ನು ಮಗುವಿನ ಹೆಸರಿಗೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಅದು ಮಗು ಪ್ರಾಯಕ್ಕೆ ಬಂದ ಮೇಲೆ ಮಗುವಿಗೇ ಸೇರುತ್ತದೆ.

"ಅಂದ್ರೆ ಸ್ಕೂಲು ಬಿಡಿಸ್ಬೇಕಾಗಿಲ್ಲ ಅನ್ನಿ" ಎಂದರು ಅವರು.

"ಬಿಡಿಸಬಾರದು" ಎಂದೆ. "ಹುಡುಗನಿಗೆ ನಟನೆ ಬರುತ್ತದೆ, ನಾನೂ ನೋಡಿದ್ದೇನೆ. ಕರೆದುಕೊಂಡು ಹೋಗಿ. ಆಯ್ಕೆಯಾದರೆ ಸಂತೋಷ, ಆಗದಿದ್ದರೆ ದಾರಿಯಲ್ಲಿ ಅವನ ಕೈಗೊಂದು ಮಸಾಲೆ ದೋಸೆ ಕೊಡಿಸಿ. ಎರಡರಲ್ಲಿ ಯಾವುದಾದರೂ, 'ಆಮೇಲೇನು' ಅಂತ ಅವನು ಕೇಳಿದಾಗ ಹೇಳೋದಕ್ಕೆ ನಿಮ್ಮ ಹತ್ತಿರ ಒಂದು ಉತ್ತರ ಇರಲಿ."

ತಂದೆ ಹೂಂಗುಟ್ಟಿದರು. ಹುಡುಗ ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದವನು ತಿರುಗಿ ಬಂದು ಕೇಳಿದ:

"ಸಾರ್, ಆ ರಾಮಾಯಣದ ಪುಸ್ತಕ ನಮ್ಮ ಸ್ಕೂಲಿನ ಬೀರುವಿನಲ್ಲಿ ಇದ್ಯಾ?"

ಇದೆ. ಬೀರುವಿನ ಕೀಲಿಕೈ ನನ್ನ ಹತ್ತಿರವೇ ಇರುತ್ತದೆ, ಮತ್ತು ಆ ಬೀರು ತೆಗೆದು ಎಷ್ಟು ದಿನವಾಗಿತ್ತೆಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಸೋಮವಾರ ತೆಗೆದೆ. ಆ ಮಹಾಛಂದಸ್ಸು ಏಳನೇ ತರಗತಿಯವನಿಗೆ ದಕ್ಕುವಂಥದಲ್ಲ. ಆದರೂ ಅವನು ಧೂಳು ಒರೆಸಿ, ಒಂದೊಂದೇ ಹಾಳೆ ತಿರುವಿ, "ದೊಡ್ಡವನಾದ ಮೇಲೆ ಓದ್ತೀನಿ ಸಾರ್" ಎಂದು ಹಿಂದಕ್ಕೆ ಕೊಟ್ಟ. ನಾನು ಬೀರುವಿಗೆ ಮತ್ತೆ ಬೀಗ ಹಾಕಲಿಲ್ಲ.