ಸ್ಟೇರಿಂಗ್ ನಡುಗಿದ್ರೆ ಮೊದಲು ‘ಯಾವಾಗ?’ ಅಂತ ಕೇಳ್ರಿ

ನಮ್ಮ ಮೆಕ್ಯಾನಿಕಲ್ ಹುಡುಗರಿಗೆ, ಹುಡುಗಿಯರಿಗೆ ಒಂದು ಪ್ರಶ್ನೆ. ಎಕ್ಸಾಮ್‌ನಲ್ಲಿ ರೊಟೇಟಿಂಗ್ ಮಾಸ್ ಬ್ಯಾಲೆನ್ಸಿಂಗ್ ಲೆಕ್ಕ ಬಂದ್ರೆ ಎಷ್ಟು ಜನ ಬಿಡ್ತೀರಿ? ಯಾರೂ ಬಿಡಲ್ಲ. ಟೇಬಲ್ ಹಾಕಿ, ಪಾಲಿಗನ್ ಎಳೆದು, ಮಾರ್ಕ್ಸ್ ತಗೊಂಡು ಬರ್ತೀವಿ. ಅದೇ ಲೆಕ್ಕ ನಮ್ಮ ಮಾಮನ ಮನೆ ಮುಂದೆ ನಾಲ್ಕು ಗಾಲಿ ಮೇಲೆ ನಿಂತಿತ್ತು. ನಾನು ಗುರುತು ಹಿಡೀಲಿಲ್ಲ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು ಅಂದ್ಕೊಳ್ರಿ.

ಮಾಮ ಇರೋದು ಸಿರುಗುಪ್ಪದಲ್ಲಿ. ಭತ್ತದ ಗದ್ದೆ, ಒಂದು ಹಳೇ ಕಾರು. ಆ ಕಾರಿನ ಮುಖ್ಯ ಕೆಲಸ ವಾರಕ್ಕೆ ಎರಡು ಸಲ ಅಜ್ಜಿಯನ್ನ ಬಳ್ಳಾರಿ ಆಸ್ಪತ್ರೆಗೆ ಕರ್ಕೊಂಡು ಬರೋದು. ಕೊಯ್ಲಿನ ಟೈಮಲ್ಲಿ ಒಂದಿನ ಮಾಮ ಫೋನ್ ಮಾಡಿದ್ರು. “ತೆಕ್ಕಲಕೋಟೆ ದಾಟಿ ಎಂಬತ್ತಕ್ಕ ಹೋದ್ರ ಸಾಕು, ಸ್ಟೇರಿಂಗ್ ಗಡಗಡ ಅಂತೈತಿ. ಅಜ್ಜಿ ಹೆದರಿಕೊಂಡು ಬಾಗಿಲ ಹಿಡಿ ಬಿಡವಲ್ಲಳು. ನೀನು ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಏನಾಗೈತಿ ಹೇಳು.”

ನಾನು ಹೇಳಿದ್ದೇನು ಗೊತ್ತಾ? “ಅಲೈನ್‌ಮೆಂಟ್ ಮಾಡಿಸ್ರಿ ಮಾಮ.” ಎಲ್ಲರೂ ಹೇಳೋದು ಅದನ್ನೇ, ನಾನೂ ಹೇಳಿದೆ.

ಬಳ್ಳಾರಿಯ ಒಂದು ಅಂಗಡಿಯಲ್ಲಿ ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಎರಡೂ ಆಯ್ತು. ಮಷಿನ್‌ನಲ್ಲಿ ಸೊನ್ನೆ ಸೊನ್ನೆ ಬಂದಿದ್ದನ್ನ ಮಾಮ ಕಣ್ಣಾರೆ ನೋಡಿದ್ರು. ವಾಪಸ್ ಹೋಗುವಾಗ ಕಾರು ಬೆಣ್ಣೆ ಹಂಗೆ ಓಡ್ತು. ಮೂರು ದಿನ ಬಿಟ್ಟು ಮತ್ತೆ ಶುರು, ಈ ಸಲ ಮೊದಲಿಗಿಂತ ಜಾಸ್ತಿ. ಅದೇ ಅಂಗಡಿಗೆ ಹೋದ್ರೆ, “ಬ್ಯಾಲೆನ್ಸಿಂಗ್ ಮೊನ್ನೆ ತಾನೇ ಮಾಡೀವಿ, ಅದಲ್ಲ. ಸಸ್ಪೆನ್ಷನ್ ಹೋಗೈತಿ” ಅಂತ 11,000 ರೂಪಾಯಿ ಎಸ್ಟಿಮೇಟ್ ಬರೆದುಕೊಟ್ರು. ಜಾಕ್ ಹಾಕಿ ಗಾಲಿ ಅಲ್ಲಾಡಿಸಿ ನೋಡಿರಲಿಲ್ಲ. ಓಡಿಸಿಯೂ ನೋಡಿರಲಿಲ್ಲ. ಮಾಮ ಭತ್ತದ ದುಡ್ಡು ಬಂದ ಮೇಲೆ ಮಾಡಿಸೋಣ ಅಂತ ಬಿಟ್ರು. ಅಲ್ಲಿವರೆಗೆ ಐವತ್ತರ ಮೇಲೆ ಹೋಗೋದು ಬೇಡ ಅಂತ ತೀರ್ಮಾನ. ಅಜ್ಜಿಗೆ ಆಸ್ಪತ್ರೆ ದಾರಿ ಇನ್ನೂ ಉದ್ದ ಆಯ್ತು.

ಇದರ ಮಧ್ಯೆ ಕುರುಗೋಡಿನಲ್ಲಿ ನಮ್ಮ ಕಡೆ ಒಂದು ಮದುವೆ. ನಾನೂ ಹೋಗಿದ್ದೆ. ಅಲ್ಲಿ ಗಾಳಿ ಹಿಡಿಸೋಕೆ ನಿಂತ ಟೈರ್ ಅಂಗಡಿಯ ಮೇಸ್ತ್ರಿಗೆ ಮಾಮ ಸುಮ್ನೆ ವಿಷಯ ಹೇಳಿದ್ರು. ಆ ಮನುಷ್ಯ ಪಾನಾ ಮುಟ್ಟೋಕೆ ಮುಂಚೆ ಪ್ರಶ್ನೆ ಕೇಳಿದ.

“ಯಾವಾಗ ನಡುಗ್ತೈತ್ರಿ ಅಣ್ಣಾರ? ಬ್ರೇಕ್ ಹಿಡಿದಾಗೋ, ಸುಮ್ನ ಹೊಂಟಾಗೋ?”

“ಸುಮ್ನ ಹೊಂಟಾಗ. ಎಂಬತ್ತರಿಂದ ತೊಂಬತ್ತೈದರ ತನಕ.”

“ನೂರಕ್ಕ ಹೋದ್ರ?”

“ಸ್ವಲ್ಪ ಕಡಿಮಿ ಆಗ್ತೈತಿ.”

“ಬ್ಯಾಲೆನ್ಸಿಂಗ್ ಆದ ಮ್ಯಾಲ ಗಾಡಿ ತೊಳದ್ರೇನು?”

ಮಾಮ ನನ್ನ ಮುಖ ನೋಡಿದ್ರು. ತೊಳೆದಿದ್ರು, ಪೈಪ್ ಹಿಡಿದು ಚೆನ್ನಾಗೇ ತೊಳೆದಿದ್ರು. ಮೇಸ್ತ್ರಿ ಜಾಕ್ ಹಾಕಿ, ಮುಂದಿನ ಗಾಲಿ ಬಿಚ್ಚಿ ಒಳಗಿನ ಕಡೆ ತಿರುಗಿಸಿ ನನಗೆ ತೋರಿಸಿದ. “ನೋಡು ತಮ್ಮಾ.” ರಿಮ್ಮಿನ ಒಳಗೆ ಒಂದು ಕಡೆ ಎರೆಮಣ್ಣು ಸಿಮೆಂಟ್ ಹಂಗೆ ಗಟ್ಟಿಯಾಗಿ ಕೂತಿತ್ತು. ಇನ್ನೊಂದು ಕಡೆ ಅದು ಉದುರಿ ಹೋದ ಗುರುತು.

ಆಗಿದ್ದಿಷ್ಟು. ಗದ್ದೆ ದಾರಿಯ ಹಸಿ ಮಣ್ಣು ರಿಮ್ಮಿನೊಳಗೆ ಹೊಕ್ಕು ಒಣಗಿತ್ತು, ಮೊದಲ ನಡುಕ ಅದರಿಂದ. ಬಳ್ಳಾರಿಯಲ್ಲಿ ಮಣ್ಣು ತೆಗೀದೇನೇ ಗಾಲಿಯನ್ನ ಮಷಿನ್‌ಗೆ ಹಾಕಿದ್ರು. ಮಷಿನ್ ಸುಳ್ಳು ಹೇಳ್ಲಿಲ್ಲ ಪಾಪ, ಮಣ್ಣಿನ ತೂಕಕ್ಕೆ ಸರಿಯಾಗಿ ಎದುರು ತೂಕ ಕೇಳ್ತು. ಅಂಗಡಿಯವರು ಹಚ್ಚಿದ್ರು. ಮಾಮ ತೊಳೆದಾಗ ಅರ್ಧ ಮಣ್ಣು ಹೋಯ್ತು. ಆಮೇಲೆ ಆ ಹಚ್ಚಿದ ತೂಕವೇ ರೋಗ ಆಯ್ತು.

ಇಷ್ಟು ಚೂರು ಮಣ್ಣು ಏನು ಮಾಡುತ್ತೆ ಅನ್ನೋರಿಗೆ ನಮ್ಮ ಸಿಲಬಸ್‌ನಲ್ಲೇ ಉತ್ತರ ಇದೆ. ರಿಮ್ಮಿನ ಅಂಚಿನಲ್ಲಿ, ಅಂದ್ರೆ ಮಧ್ಯದಿಂದ 18 ಸೆಂ.ಮೀ. ದೂರದಲ್ಲಿ, 30 ಗ್ರಾಂ ಹೆಚ್ಚಿಗೆ ಇದೆ ಅಂತಿಟ್ಕೊಳ್ರಿ. ಟೈರಿನ ತ್ರಿಜ್ಯ 28 ಸೆಂ.ಮೀ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ 14 ಸುತ್ತು ಹಾಕುತ್ತೆ. ಎಂ, ಒಮೆಗಾ ಸ್ಕ್ವೇರ್, ಆರ್ ಗುಣಿಸಿದ್ರೆ ಸುಮಾರು 43 ನ್ಯೂಟನ್, ಹತ್ರ ಹತ್ರ 4.4 ಕೆಜಿ ತೂಕದಷ್ಟು ಬಲ. ಸೆಕೆಂಡಿಗೆ 14 ಸಲ ಅದು ಗಾಲಿಯನ್ನ ಎಳೆದಾಡುತ್ತೆ. ವೇಗ 45ಕ್ಕೆ ಇಳಿಸಿದ್ರೆ ಬಲ ಕಾಲು ಭಾಗ ಆಗುತ್ತೆ, ಅದಕ್ಕೇ ಊರೊಳಗೆ ಗೊತ್ತೇ ಆಗಲ್ಲ. ಇನ್ನು ಆ 14 ಸುತ್ತು ಸಸ್ಪೆನ್ಷನ್ನಿನ ಸ್ವಂತ ಕಂಪನದ ಹತ್ರ ಬಂದಾಗ ನಡುಕ ಜೋರಾಗುತ್ತೆ, ದಾಟಿದ ಮೇಲೆ ತಗ್ಗುತ್ತೆ. ‘ನೂರಕ್ಕ ಹೋದ್ರ?’ ಅಂತ ಮೇಸ್ತ್ರಿ ಕೇಳಿದ್ದು ಇದನ್ನೇ. ರೆಸೊನೆನ್ಸ್ ಅನ್ನೋ ಪದ ಅವನು ಬಳಸಲಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ತಕರಾರು ಇಲ್ಲಿದೆ. ಅಲೈನ್‌ಮೆಂಟ್ ಅನ್ನೋದು ಬೇರೆ ರೋಗದ ಔಷಧಿ. ಗಾಡಿ ಒಂದು ಕಡೆ ಎಳೆದ್ರೆ, ನೇರ ಹೋಗುವಾಗ ಸ್ಟೇರಿಂಗ್ ಸೊಟ್ಟ ನಿಂತ್ರೆ, ಟೈರ್ ಒಂದೇ ಅಂಚಲ್ಲಿ ಸವೆದ್ರೆ ಅದು ಬೇಕು. ನಿರ್ದಿಷ್ಟ ವೇಗದಲ್ಲಿ ಬರೋ ನಡುಕಕ್ಕೆ ಅದರಿಂದ ಏನೂ ಆಗಲ್ಲ. ಆದ್ರೂ ನಾವು ಅಂಗಡಿ ಮುಂದೆ ನಿಂತು ‘ಅಲೈನ್‌ಮೆಂಟ್ ಮಾಡಿಬಿಡ್ರಿ’ ಅಂತ ನಾವೇ ಚೀಟಿ ಬರೀತೀವಿ. ಗಿರಾಕಿ ಕೇಳಿದ್ದು ಮಾಡಿಕೊಟ್ರೆ ಅಂಗಡಿಯವರನ್ನ ಪೂರ್ತಿ ಬೈಯೋಕೂ ಆಗಲ್ಲ. ತಪ್ಪು ಚೀಟಿ ಬರೆದವನು ನಾನು.

ಹಂಗಂತ ಎಲ್ಲಾ ನಡುಕವೂ ಮಣ್ಣಿಂದ ಅಂತ ತಿಳ್ಕೊಂಡ್ರೆ ಇನ್ನೂ ಅಪಾಯ. ಬ್ರೇಕ್ ಹಿಡಿದಾಗ ಮಾತ್ರ ಸ್ಟೇರಿಂಗ್ ನಡುಗಿ ಪೆಡಲ್ ಕಾಲಿಗೆ ಬಡಿದಂಗೆ ಆದ್ರೆ ಮುಂದಿನ ಡಿಸ್ಕ್ ನೋಡ್ಬೇಕು, ಅದರ ದಪ್ಪ ಒಂದೇ ಸಮ ಉಳಿದಿರಲ್ಲ. ಸ್ಟೇರಿಂಗ್ ಸುಮ್ನಿದ್ದು ಸೀಟು ನಡುಗಿದ್ರೆ ಹಿಂದಿನ ಗಾಲಿ ಮೇಲೆ ಅನುಮಾನ ಪಡ್ರಿ. ಆಕ್ಸಲರೇಟರ್ ಒತ್ತಿದಾಗ ಮಾತ್ರ ಬಂದು, ಬಿಟ್ಟಾಗ ಹೋದ್ರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಇರಬಹುದು. ಇವೆಲ್ಲ ಖರ್ಚಿನ ಮಾತು. ಪ್ರಾಣದ ಮಾತು ಬೇರೆ ಇದೆ. ನಿಧಾನ ಹೋಗುವಾಗಲೂ ಸ್ಟೇರಿಂಗ್ ಅತ್ತಿತ್ತ ಆಡಿದ್ರೆ ಟೈರ್ ಒಳಗಿನ ಪದರ ಬಿಟ್ಟು ಉಬ್ಬಿರಬಹುದು, ಇಲ್ಲಾ ಗಾಲಿಯ ನಟ್ಟು ಸಡಿಲ ಆಗಿರಬಹುದು. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ನೋಡ್ಬೇಕು. ಜಾಕ್ ಮೇಲೆ ಗಾಲಿಯನ್ನ ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಕಟಕಟ ಅಂದ್ರೆ ಟೈ ರಾಡ್ ಎಂಡ್ ಸವೆದಿರಬಹುದು. 12 ಮತ್ತು 6ರಲ್ಲಿ ಆಡಿದ್ರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಮೇಸ್ತ್ರಿ ಮಾಮನ ಕಾರಿಗೆ ಇದನ್ನೂ ಮಾಡಿ ನೋಡಿದ. ಏನೂ ಆಡಲಿಲ್ಲ. ಬಳ್ಳಾರಿಯ 11,000ದ ಚೀಟಿಗೆ ಬೇಕಾಗಿದ್ದಿದ್ದು ಈ ಎರಡು ನಿಮಿಷ.

ಮಣ್ಣು ಕೆರೆದು, ಹಳೇ ತೂಕ ಎಲ್ಲಾ ಕಿತ್ತು, ಹೊಸದಾಗಿ ಬ್ಯಾಲೆನ್ಸ್ ಮಾಡಿ, ನಟ್ಟುಗಳನ್ನ ಒಂದಾದ ಮೇಲೆ ಎದುರಿನದು ಅನ್ನೋ ಹಂಗೆ ಕೈಯಿಂದಲೇ ಬಿಗಿದ. ಎರಡು ಗಾಲಿಗೆ 300 ರೂಪಾಯಿ. ಮಾಮ ಐನೂರು ಕೊಟ್ರೆ ಚಿಲ್ಲರೆ ಎಣಿಸಿ ವಾಪಸ್ ಕೊಟ್ಟ. ಮರುದಿನ ಅಜ್ಜಿ ಸಿರುಗುಪ್ಪದಿಂದ ಬಳ್ಳಾರಿವರೆಗೆ ನಿದ್ದೆ ಮಾಡಿಕೊಂಡು ಬಂದಳಂತೆ.

ನಮ್ಮ ಲ್ಯಾಬಲ್ಲಿ ಬ್ಯಾಲೆನ್ಸಿಂಗ್ ಕಲಿಸೋ ಒಂದು ಯಂತ್ರ ಇದೆ. ಶಾಫ್ಟು, ನಾಲ್ಕು ತೂಕ, ಗಾಜಿನ ಪೆಟ್ಟಿಗೆ. ರೀಡಿಂಗ್ ತಗೊಂಡು ಎದ್ದು ಬರ್ತೀವಿ. ಅದರ ಪಕ್ಕದಲ್ಲಿ ಎರೆಮಣ್ಣು ಮೆತ್ತಿದ ಒಂದು ನಿಜವಾದ ಗಾಲಿ ಇಡ್ರಿ, ಸವೆದ ಟೈ ರಾಡ್ ಒಂದನ್ನ ಕೈಗೆ ಕೊಡ್ರಿ ಅಂತ ಎಚ್‌ಓಡಿ ಸರ್‌ಗೆ ಈ ಮೂಲಕ ಕೇಳ್ಕೊಳ್ತೀನಿ. ದೊಡ್ಡ ಖರ್ಚೇನಿಲ್ಲ. ಹಳೇ ರಿಮ್ ಕೊಡೋಕೆ ಮಾಮ ಒಪ್ಪಿದಾರೆ, ಮಣ್ಣು ಎಷ್ಟು ಬೇಕಾದ್ರೂ ತಗೊಂಡು ಹೋಗ್ರಿ ಅಂದಾರೆ.